ಇಪ್ಪತ್ತು ಹೆಜ್ಜೆಯ ಆಚೆ

ಕಲ್ಲೂರವಾಡಿ, ನಿಲಂಗಾ ತಾಲೂಕು
೧೪ ಅಕ್ಟೋಬರ್ ೧೯೨೮

ಗೆಳೆಯ ಅಂಬಣ್ಣನಿಗೆ ವೀರಭದ್ರನ ಶರಣಾರ್ಥಿ.

ಮೊದಲು ನಿನ್ನ ಮನೆಯ ಸುದ್ದಿ. ನಿನ್ನ ಅವ್ವ ಮಾಣಿಕಮ್ಮ ಕ್ಷೇಮವಾಗಿದ್ದಾಳೆ. ಅಣ್ಣ ಧೂಳಪ್ಪ ಕುರಿ ಹೊಡೆದುಕೊಂಡು ಉಮರ್ಗಾ ಕಡೆಯಿಂದ ತಿರುಗಿ ಬಂದ. ಕೆರೆಯ ಆಚೆಗಿರುವ ನಮ್ಮ ಬೀಳಿನಲ್ಲಿ ಮೇಯಿಸಿಕೊಳ್ಳಲು ಅಪ್ಪ ಈ ವರ್ಷವೂ ಒಪ್ಪಿದ್ದಾರೆ. ಧೂಳಪ್ಪನ ಹೆಂಡತಿ ಬಂಡಮ್ಮ ಎರಡು ಕಂಬಳಿಗಾಗುವಷ್ಟು ಉಣ್ಣೆ ನೂತಿಟ್ಟಿದ್ದಾಳೆ. ನಿನ್ನ ಅವ್ವ ಹೇಳಿ ಬರೆಸಿದ್ದು ಇಷ್ಟೇ: "ಉದಗೀರದಾಗ ಥಂಡಿ ಭಾಳ ಅಂತ. ಕಿವಿ ಕಟಗೊಂಡು ಮಕ್ಕೋ."

ಇನ್ನು ನನ್ನ ಮಾತು. ಹೋದ ವರ್ಷ ಮಾಂಜರಾ ದಾಟುವಾಗ ಗಾಡಿ ಮಗುಚಿ ನನ್ನ ಬಲಭುಜ ಮುರಿದದ್ದು ನಿನಗೆ ಗೊತ್ತು. ಮೂಳೆ ಕೂಡಿತು. ಆದರೆ ಅಪ್ಪನ ಜೋಡುನಳಿಗೆ ಬಂದೂಕನ್ನು ಒಮ್ಮೆ ಹಾರಿಸಿದರೆ ಎರಡು ದಿನ ಕೈ ಮೇಲೇಳುವುದಿಲ್ಲ. ನಿಲಂಗಾದಲ್ಲಿ ಪ್ರತಿ ಶುಕ್ರವಾರ ಕಚೇರಿಯ ನಾಲ್ಕು ಮಂದಿ ಊರ ಹೊರಗೆ ಸೇರಿ ಗುರಿ ಹೊಡೆಯುತ್ತಾರೆ. ನಾನು ಬದಿಗೆ ನಿಂತು ನೋಡಿ ಬರುತ್ತೇನೆ. ಉದಗೀರದಲ್ಲಿ ಒಬ್ಬ ನಿವೃತ್ತ ಫೌಜಿ ಸಾಹೇಬರ ಹತ್ತಿರ ಅಂಗೈಯಷ್ಟು ವಿಲಾಯತಿ ಪಿಸ್ತೂಲು ಇದೆಯಂತೆ, ಕೊಟ್ಟುಬಿಡುತ್ತಾರಂತೆ. ಅಪ್ಪ ಊರಿನ ಪೊಲೀಸ್ ಪಾಟೀಲರಾದ್ದರಿಂದ ಲೈಸೆನ್ಸಿಗೆ ತೊಂದರೆಯಿಲ್ಲ. ನೀನು ಬಂದೂಕು ದುರಸ್ತಿಯ ಅಂಗಡಿಯಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡವನು. ಅದನ್ನು ಹಿಡಿದು ನೋಡಿ ಗುಣವೇನು, ಅವಗುಣವೇನು, ಮುಚ್ಚುಮರೆಯಿಲ್ಲದೆ ಬರೆ. ಬೇಟೆಗಲ್ಲ, ಯಾರನ್ನೂ ಹೆದರಿಸುವುದಕ್ಕಲ್ಲ. ಮಡಕೆ ಒಡೆದು ಖುಷಿಪಡುವುದಕ್ಕೆ.

ನಿನ್ನ
ವೀರಭದ್ರ

*

ಉದಗೀರ
೨೬ ಅಕ್ಟೋಬರ್ ೧೯೨೮

ಗೆಳೆಯ ವೀರಭದ್ರಪ್ಪನಿಗೆ ಅಂಬಣ್ಣನ ಶರಣು.

ನಮ್ಮ ಅಂಗಡಿಯ ಉಸ್ತಾದರ ಜೊತೆ ಸಾಹೇಬರ ಮನೆಗೆ ಹೋಗಿದ್ದೆ. ಪಿಸ್ತೂಲನ್ನು ಅಂಗಡಿಗೆ ತಂದು ಬಿಚ್ಚಿ, ಎಣ್ಣೆ ಹಾಕಿ, ಕೋಟೆಯ ಕಂದಕದಲ್ಲಿಳಿದು ಮೂವತ್ತು ತೋಟಾ ಹಾರಿಸಿ ನೋಡಿದೆ.

ನಿನ್ನ ಭುಜಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಒದೆತವೇ ಇಲ್ಲ, ಕೈಯಲ್ಲಿ ಹಿಡಿದ ಹಕ್ಕಿ ಒಮ್ಮೆ ಮಿಸುಕಿದಂತಾಗುತ್ತದೆ, ಅಷ್ಟೇ. ಸದ್ದು ಒಣ ತೊಗರಿಕಟ್ಟಿಗೆ ಮುರಿದಷ್ಟು. ಒದೆತ, ಸದ್ದು ಎರಡೂ ಇಲ್ಲವಾದ್ದರಿಂದ ಹಾರಿಸುವಾಗ ಕಣ್ಣು ಮುಚ್ಚುವ ಚಟ ಬೀಳುವುದಿಲ್ಲ, ಕೈ ಬೇಗ ಪಳಗುತ್ತದೆ. ತೋಟಾಗಳೋ ಕಡಲೆಕಾಳಿನಷ್ಟು ದಪ್ಪ. ಐವತ್ತರ ಡಬ್ಬಿ ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ.

ಈಗ ಅವಗುಣ. ದೊಡ್ಡ ತೋಟಾಕ್ಕೆ ಹಿಂಬದಿಯ ನಡುವೆ ಟೋಪಿ ಇರುತ್ತದೆ, ಅದರ ಮೇಲೆ ಏಟು ಬಿದ್ದರೆ ಮದ್ದು ಹೊತ್ತುತ್ತದೆ. ಇದಕ್ಕೆ ಟೋಪಿ ಇಲ್ಲ. ಹಿತ್ತಾಳೆಯ ಅಂಚಿನ ಮಡಿಕೆಯೊಳಗೇ ಸಿಡಿಮದ್ದು ಸವರಿರುತ್ತಾರೆ. ಸುತ್ತಲೂ ಒಂದೇ ಸಮ ಸವರಿರುವುದಿಲ್ಲ. ಹೀಗಾಗಿ ಇಪ್ಪತ್ತಕ್ಕೆ ಒಂದು ಹುಸಿಯಾಗುತ್ತದೆ. ಹುಸಿಯಾದರೆ ಕೂಡಲೇ ತೆಗೆಯಬೇಡ. ನಳಿಗೆಯನ್ನು ನೆಲಕ್ಕೆ ಮುಖಮಾಡಿ ಮೂವತ್ತು ಎಣಿಸು, ತಡವಾಗಿ ಹೊತ್ತುವುದೂ ಉಂಟು. ಖಾಲಿ ಇರುವಾಗ ಬೆರಳಿಡುವ ಕುದುರೆ ಎಳೆದು ಆಡಬೇಡ, ಒಳಗಿನ ಮೊಳೆ ಉಕ್ಕಿಗೇ ಬಡಿದು ತೋಟಾ ಕೂಡುವ ಜಾಗ ಹಾಳಾಗುತ್ತದೆ. ನಳಿಗೆ ಗಿಡ್ಡ. ಮಣಿಕಟ್ಟು ಕೂದಲೆಳೆ ಅಲುಗಿದರೂ ಗುಂಡು ಮೊಳದಷ್ಟು ಆಚೆ ಹೋಗುತ್ತದೆ. ಇಪ್ಪತ್ತು ಹೆಜ್ಜೆಯ ಆಚೆ ಇದನ್ನು ನಂಬಬೇಡ.

ಎಲ್ಲಕ್ಕಿಂತ ದೊಡ್ಡ ಅವಗುಣವೆಂದರೆ ನೋಡುವುದಕ್ಕೆ ಆಟಿಕೆಯ ಹಾಗಿದೆ. ಉಸ್ತಾದರು ಅದನ್ನು ಅಂಗೈಯಲ್ಲಿಟ್ಟು, "ಇದನ್ನ ಕಂಡು ಯಾರೂ ಹೆದರಂಗಿಲ್ಲ, ಹಿಡದಂವಾ ಸೈತ" ಎಂದರು.

ಅವ್ವನಿಗೆ ಹೇಳು, ಕಿವಿ ಕಟ್ಟಿಕೊಂಡೇ ಮಲಗುತ್ತಿದ್ದೇನೆ. ನನ್ನ ಮನೆಯ ಪತ್ರಗಳನ್ನೆಲ್ಲ ನೀನು ಬರೆದುಕೊಡುತ್ತೀ, ಓದಿ ಹೇಳುತ್ತೀ. ಈ ಕೆಲಸ ಅದಕ್ಕೆ ಸಮವಲ್ಲ.

ನಿನ್ನ
ಅಂಬಣ್ಣ

*

ಕಲ್ಲೂರವಾಡಿ
೬ ಜನವರಿ ೧೯೨೯

ಗೆಳೆಯ ಅಂಬಣ್ಣನಿಗೆ,

ಪಿಸ್ತೂಲು ಬಂದು ಆರು ವಾರವಾಯಿತು. ದಿನಾ ಸಂಜೆ ಕೆರೆಯ ಕಡೆ ಹೋಗುತ್ತೇನೆ. ಭುಜ ಮುರಿದ ಮೇಲೆ ಮನೆಯಲ್ಲಿ ನಾನು ಉಣ್ಣುವುದಕ್ಕೊಬ್ಬ ಎನ್ನುವ ಹಾಗಿತ್ತು. ಅಪ್ಪ ಬಾಯಿಬಿಟ್ಟು ಏನೂ ಅನ್ನದಿದ್ದರೂ ಹೊಲದ ಮಾತೆಲ್ಲ ತಮ್ಮನ ಜೊತೆಗೇ ಆಡುತ್ತಾರೆ. ಈಗ ನನಗೂ ಒಂದು ಕೆಲಸವಿದೆ. ಹೋದ ಶುಕ್ರವಾರ ನಿಲಂಗಾದಲ್ಲಿ ಆರಕ್ಕೆ ಐದು ಹೊಡೆದೆ. ಕಚೇರಿಯ ಪೇಶಕಾರರು ನನ್ನ ಬೆನ್ನು ತಟ್ಟಿದರು.

ನೀನು ಹೇಳಿದ್ದನ್ನೆಲ್ಲ ಪಾಲಿಸುತ್ತಿದ್ದೇನೆ. ಹುಸಿಯಾದಾಗ ಮೂವತ್ತು ಎಣಿಸುತ್ತೇನೆ. ಮೊದಲು ಕುಡಿಕೆಗಳನ್ನು ಕೆರೆಯ ಒಡ್ಡಿನ ಬುಡದಲ್ಲಿ ಇಡುತ್ತಿದ್ದೆ. ಸಂಜೆ ಅಲ್ಲಿ ನೆರಳು ಬೀಳುತ್ತದೆ, ಗುರಿ ಕಾಣುವುದಿಲ್ಲ. ಈಗ ಒಡ್ಡಿನ ತಲೆಯ ಮೇಲೆ ಸಾಲಾಗಿ ಇಡುತ್ತೇನೆ. ಆಕಾಶಕ್ಕೆ ಎದುರಾಗಿ ಎಷ್ಟು ಸ್ಪಷ್ಟವಾಗಿ ಕಾಣುತ್ತವೆ ಗೊತ್ತೇ?

ಧೂಳಪ್ಪ ಒಂದು ದಿನ ಬಂದು ನಿಂತು ನೋಡಿದ. "ಇದರ ಸಪ್ಪಳಕ್ಕ ನನ್ನ ಕುರಿ ಕಿವೀನೂ ಎತ್ತಂಗಿಲ್ಲ ನೋಡು" ಎಂದು ನಕ್ಕ. ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ಬ್ಯಾಡಪ್ಪಾ, ನನ್ನ ಬೆರಳ ಇದರಾಗ ಹೋಗಂಗಿಲ್ಲ" ಎಂದು ಮರಳಿ ಕೊಟ್ಟ.

ನಿನ್ನ ಅವ್ವ ಯುಗಾದಿಗೆ ಬಾ ಎನ್ನುತ್ತಾಳೆ.

ನಿನ್ನ
ವೀರಭದ್ರ

*

ಉದಗೀರ
೨೧ ಜನವರಿ ೧೯೨೯

ವೀರಭದ್ರಪ್ಪ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಅಂದೇ ಬರೆಯಬೇಕಿತ್ತು. ಒಂದು ಜಾಗೀರಿನಿಂದ ಹದಿನಾಲ್ಕು ಬಂದೂಕು ಒಮ್ಮೆಲೇ ದುರಸ್ತಿಗೆ ಬಂದವು, ಉಸ್ತಾದರಿಗೆ ಜ್ವರ. ನಾಳೆ, ನಾಡಿದ್ದು ಎಂದುಕೊಳ್ಳುತ್ತಾ ದಿನ ಕಳೆದವು.

ಒಡ್ಡಿನ ಮೇಲೆ ಕುಡಿಕೆ ಇಡುವುದನ್ನು ನಿಲ್ಲಿಸು. ಇಪ್ಪತ್ತು ಹೆಜ್ಜೆಯ ಆಚೆ ನಂಬಬೇಡ ಎಂದು ನಾನು ಬರೆದದ್ದು ಗುರಿಯ ಮಾತು. ಗುಂಡು ಇಪ್ಪತ್ತು ಹೆಜ್ಜೆಗೆ ಬಿದ್ದುಹೋಗುತ್ತದೆ ಎಂದಲ್ಲ. ಅದು ಕಾಲು ಹರದಾರಿ ಹಾರುತ್ತದೆ, ಸಣ್ಣದಾದರೂ ಐನೂರು ಹೆಜ್ಜೆ ದೂರದಲ್ಲೂ ಮೈಯೊಳಗೆ ನುಗ್ಗುತ್ತದೆ. ಇದನ್ನು ಬಿಡಿಸಿ ಬರೆಯಬೇಕಿತ್ತು. ನಮಗೆ ಅಂಗಡಿಯಲ್ಲಿ ದಿನನಿತ್ಯದ ಮಾತಾದ್ದರಿಂದ ಎಲ್ಲರಿಗೂ ಗೊತ್ತೆಂದುಕೊಂಡೆ. ಕುಡಿಕೆಯ ಹಿಂದೆ ಯಾವಾಗಲೂ ಮಣ್ಣಿರಬೇಕು. ಒಡ್ಡಿನ ಆಚೆ ಯಾರು ಇರುತ್ತಾರೆಂದು ನಿನಗೆ ಗೊತ್ತು.

ಈ ಪತ್ರ ಮುಟ್ಟಿದ ದಿನವೇ ನಿಲ್ಲಿಸಿದೆನೆಂದು ಒಂದು ಸಾಲು ಬರೆ.

ಅಂಬಣ್ಣ

*

ಕಲ್ಲೂರವಾಡಿ
೨೪ ಜನವರಿ ೧೯೨೯, ಗುರುವಾರ

ಅಂಬಣ್ಣನಿಗೆ ಅವ್ವ ಮಾಣಿಕಮ್ಮ ಮಾಡುವ ಆಶೀರ್ವಾದ. ಬರೆದವನು ವೀರಭದ್ರ. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ಮೊನ್ನಿ ಮಂಗಳವಾರ ಸಂಜಿಮುಂದ ನಿಮ್ಮಣ್ಣ ಮರಿಗೋಳಿಗೆ ಜಾಲಿ ಟೊಂಗಿ ಕಡೀಲಿಕ್ಕೆ ಕೈ ಎತ್ಯಾನ, ಪಕ್ಕಡಿ ಎಲಬಿನ ಕೆಳಗ ಏನೋ ಚುಚ್ಚಿಧಂಗ ಆಗ್ಯದ. ಮುಳ್ಳು ಚುಚ್ಚಿತೋ ಕಣಜೀರಿಗಿ ಹುಳ ಕಡೀತೋ ಅಂತ ಒರಸಿಕೊಂಡು ಕುರಿ ಹೊಡಕೊಂಡೇ ಮನಿಗಿ ಬಂದ. ನೋಡಿದರ ಜ್ವಾಳದ ಕಾಳಿನಷ್ಟ ತೂತು. ರಕ್ತ ಸೈತ ಭಾಳ ಇಲ್ಲ. ಅರಿಶಿಣ ಸುಣ್ಣ ಹಚ್ಚೀನಿ. ನಿನ್ನಿಲಿಂದ ಹೊಟ್ಟಿ ಬಿಗದದ, ಉಂಡದ್ದು ನಿಂದರವಲ್ದು. ನೀ ಒಂದು ಸಲ ಬಂದು ಹೋಗು ತಮ್ಮಾ."

ನನ್ನ ಮಾತು: ಗಾಯವನ್ನು ನಾನೂ ನೋಡಿದೆ. ಬಹಳ ಚಿಕ್ಕದು. ಎರಡು ದಿನದಲ್ಲಿ ಏಳುತ್ತಾನೆ. ನೀನು ಗಾಬರಿಯಾಗಬೇಡ.

ವೀರಭದ್ರ

*

ಕಲ್ಲೂರವಾಡಿ
೨೯ ಜನವರಿ ೧೯೨೯, ಮಂಗಳವಾರ

ಅಂಬಣ್ಣನಿಗೆ,

ನಿನ್ನ ಅಣ್ಣ ಧೂಳಪ್ಪ ಇಂದು ಬೆಳಿಗ್ಗೆ ತೀರಿಕೊಂಡ. ನಿನ್ನ ಅವ್ವ ಹೇಳಿ ಬರೆಸುತ್ತಿದ್ದಾಳೆ. "ಏನ ಕಡೀತು ಅಂತ ನಾ ಹೇಳಂಗಿಲ್ಲ. ಬರಿಯಾಂವಾ ನೀ ಇದ್ದಿ, ತಿಳದಂಗ ನೀನೇ ಬರಿ" ಎನ್ನುತ್ತಾಳೆ.

ವಿಷದ ಹುಳ ಕಚ್ಚಿರಬೇಕೆಂದು ಊರವರ ಮಾತು. ಅಪ್ಪ ಪಂಚನಾಮೆಯಲ್ಲಿ ಹಾಗೆಯೇ ಬರೆಸಿ ನಿಲಂಗಾಕ್ಕೆ ಕಳಿಸಿದ್ದಾರೆ. ಹಿಂದಿನ ಪತ್ರ ನೋಡಿ ನೀನು ಹೊರಟಿರಬಹುದೆಂದು ದಾರಿ ನೋಡುತ್ತಿದ್ದೇವೆ. ಸಂಜೆಯ ಮೇಲೆ ದೇಹವನ್ನು ಇಡಲಾಗದು.

ವೀರಭದ್ರ

*

ಉದಗೀರ
೧೬ ಫೆಬ್ರವರಿ ೧೯೨೯

ವೀರಭದ್ರಪ್ಪ,

ನಿನ್ನೆ ಅಂಗಡಿಗೆ ಮರಳಿದೆ. ಇಪ್ಪತ್ತೊಂಬತ್ತರಂದು ನೀನು ಬರೆದ ಪತ್ರ ಇಲ್ಲಿ ಗೂಟಕ್ಕೆ ಸಿಕ್ಕಿಸಿತ್ತು. ಅದು ಹೊರಟಾಗ ನಾನು ದಾರಿಯಲ್ಲಿದ್ದೆ. ಇಂದು ಒಡೆದು ಓದಿದೆ.

ಹದಿನೈದು ದಿನ ಊರಲ್ಲಿದ್ದೆ. ನೀನು ಮೂರು ಸಲ ನಮ್ಮ ಬಾಗಿಲಿಗೆ ಬಂದೆ. ಮೂರು ಸಲವೂ ಹತ್ತು ಜನರ ನಡುವೆ ಕುಳಿತು ಎದ್ದುಹೋದೆ. ನಾನೂ ನಿನ್ನನ್ನು ಬದಿಗೆ ಕರೆಯಲಿಲ್ಲ.

ಅಣ್ಣನಿಗೆ ನೀರು ಹಾಕುವಾಗ ಗಾಯವನ್ನು ನೋಡಿದೆ. ಆಮೇಲೆ ಅವನ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುಳ್ಳು ಚುಚ್ಚಿದರೆ ಉಣ್ಣೆಯ ಎಳೆ ಬದಿಗೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಇದರಲ್ಲಿ ನಾಲ್ಕು ಎಳೆ ತುಂಡಾಗಿ ಒಳಮುಖವಾಗಿ ಹೋಗಿದ್ದವು. ಆರು ವರ್ಷ ನಾನು ಮಾಡಿದ ಕೆಲಸ ಇದೇ, ವೀರಭದ್ರಪ್ಪ. ಆ ತೂತಿನ ಅಳತೆ ನನಗೆ ಕಣ್ಣು ಮುಚ್ಚಿದರೂ ಗೊತ್ತು.

ಯಾರಿಗೂ ಹೇಳಲಿಲ್ಲ. ಇಪ್ಪತ್ತೊಂದರಂದು ನಾನು ಬರೆದ ಪತ್ರ ನಿನಗೆ ಯಾವತ್ತು ಮುಟ್ಟಿತು? ನನಗೆ ಬೇಕಾದದ್ದು ಅದೊಂದೇ. ದಿನವನ್ನು ಸರಿಯಾಗಿ ಬರೆ.

ಅಂಬಣ್ಣ

*

ಕಲ್ಲೂರವಾಡಿ
೩ ಮಾರ್ಚ್ ೧೯೨೯

ಅಂಬಣ್ಣ,

ಶುಕ್ರವಾರ ಮುಟ್ಟಿತು. ಇಪ್ಪತ್ತೈದನೆಯ ತಾರೀಖು, ಮಧ್ಯಾಹ್ನ. ಧೂಳಪ್ಪ ಇನ್ನೂ ನಾಲ್ಕು ದಿನ ಬದುಕಿದ್ದ.

ಗುರುವಾರ ನಿನ್ನ ಅವ್ವನ ಪತ್ರ ಬರೆದಾಗ ನನಗೆ ಗೊತ್ತಿರಲಿಲ್ಲ. ಇದನ್ನು ನೀನು ನಂಬದಿದ್ದರೂ ಸರಿ. ಆ ಬೀಳು ಒಡ್ಡಿನಿಂದ ನಾನೂರು ಹೆಜ್ಜೆ ದೂರ. ನನ್ನ ಲೆಕ್ಕದಲ್ಲಿ ಅದು ಬೇರೆ ಊರಿನಷ್ಟು ದೂರ. ಶುಕ್ರವಾರ ಅಂಚೆಯವನು ಕೊಟ್ಟ ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಕೂತೇ ಓದಿದೆ. ಮಂಗಳವಾರ ಸಂಜೆ ಹನ್ನೆರಡು ತೋಟಾ ಹಾರಿಸಿದ್ದೆ. ಏಳು ಕುಡಿಕೆ ಒಡೆದವು. ಉಳಿದ ಐದು ಎಲ್ಲಿ ಹೋದವೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಪತ್ರ ಹಿಡಿದು ಅಪ್ಪನ ಹತ್ತಿರ ಹೋದೆ. "ಗಾಡಿ ಹೂಡಸ್ರಿ ಅಪ್ಪಾ, ಧೂಳಪ್ಪಗ ಉದಗೀರ ದವಾಖಾನಿಗಿ ಒಯ್ತೀನಿ" ಎಂದೆ. ಅಪ್ಪ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಹೇಳಿದರು: "ದವಾಖಾನಿಗಿ ಒಯ್ದರ ಡಾಕ್ಟರ ಗುಂಡ ತೆಗೀತಾನ. ಗುಂಡ ತೆಗದರ ಪೊಲೀಸ್ ಅಮೀನ ಬರ್ತಾನ. ಎರಡು ದಿನ ತಡಿ. ಕುರುಬರ ಮೈ ಗಟ್ಟಿ ಇರ್ತದ, ತಾನೇ ಏಳ್ತಾನ."

ನಾನು ತಡೆದೆ. ಅಪ್ಪ ಹೇಳಿದರೆಂದು ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಕೊಟ್ಟಿಗೆಯಲ್ಲಿ ಗಾಡಿ ಇತ್ತು, ಎತ್ತು ಇದ್ದವು, ಹೂಡುವುದು ನನಗೆ ಬರುತ್ತಿತ್ತು. ಶನಿವಾರ ಹೋಗಿ ನೋಡಿದೆ, ನರಳುತ್ತಿದ್ದ. ಭಾನುವಾರವೂ ಹೋದೆ. ನನ್ನನ್ನು ನೋಡಿದ, ಏನೂ ಅನ್ನಲಿಲ್ಲ. ಸೋಮವಾರ ಹೋಗುವ ಧೈರ್ಯವಾಗಲಿಲ್ಲ. ಮಂಗಳವಾರ ನಿನ್ನ ಅವ್ವ ಪತ್ರ ಬರೆಯಲು ಕರೆಸಿದಳು.

ಗುಂಡು ಅವನಿಗೆ ತಗುಲಿದ್ದು ಕೈತಪ್ಪಿ. ಆ ನಾಲ್ಕು ದಿನ ಕೈತಪ್ಪಿದ್ದಲ್ಲ. ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ.

ವೀರಭದ್ರ

*

ಉದಗೀರ
೯ ಮಾರ್ಚ್ ೧೯೨೯

ವೀರಭದ್ರಪ್ಪ,

ನನಗೆ ಹೇಳಿದೆ. ನನಗೆ ಹೇಳಿದರೆ ಮುಗಿಯುವುದಿಲ್ಲ. ನಾನೇನು ಹೆಚ್ಚಿನವನು? ಹನ್ನೊಂದು ದಿನ ನಿನ್ನ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಿದವನು. ಬಂದ ದಿನವೇ ಬರೆದಿದ್ದರೆ ಆ ಮಂಗಳವಾರ ಒಡ್ಡಿನ ಮೇಲೆ ಕುಡಿಕೆ ಇರುತ್ತಿರಲಿಲ್ಲ.

ನನ್ನ ಅವ್ವನ ಮನೆಗೆ ಹೋಗು. ಅವಳಿಗೂ ಬಂಡಮ್ಮನಿಗೂ ನಿನ್ನ ಬಾಯಿಂದಲೇ ಹೇಳು. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಬಂದು ನಾನೇ ಹೇಳುತ್ತೇನೆ.

ಅಂಬಣ್ಣ

*

ಕಲ್ಲೂರವಾಡಿ ಮಠ
೨ ಏಪ್ರಿಲ್ ೧೯೨೯

ಚಿರಂಜೀವಿ ಅಂಬಣ್ಣನಿಗೆ ಮಠದ ರಾಚಯ್ಯನ ಆಶೀರ್ವಾದ.

ನಿನಗೂ ವೀರಭದ್ರನಿಗೂ ಅಕ್ಷರ ಕಲಿಸಿದ ಕೈ ಇದು. ಈಗ ಕಣ್ಣು ಮಂಜು, ಅಕ್ಷರ ವಕ್ರವಾದರೆ ಕ್ಷಮಿಸು. ನಿನ್ನ ತಾಯಿ ಎದುರಿಗೆ ಕುಳಿತು ಹೇಳುತ್ತಿದ್ದಾಳೆ.

ಮಾರ್ಚ್ ಇಪ್ಪತ್ತರಂದು ಬೆಳಿಗ್ಗೆ ವೀರಭದ್ರ ನಿಮ್ಮ ಅಂಗಳಕ್ಕೆ ಬಂದು, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ನಾಲ್ಕು ದಿನದ ಮಾತನ್ನೂ ಬಿಡಲಿಲ್ಲ. ಮುಂದಿನದು ನಿನ್ನ ತಾಯಿಯ ಮಾತಿನಲ್ಲಿ:

"ನನಗ ಮೊದಲೇ ಗೊತ್ತಿತ್ತು ತಮ್ಮಾ. ಸೋಮವಾರ ನಿಮ್ಮಣ್ಣ ನನಗ ಹತ್ತಿರ ಕರದು ಹೇಳಿದ್ದ. 'ಅವತ್ತ ಒಡ್ಡಿನ ಕಡೀಂದ ಚಟ್ ಅಂದಿತ್ತು, ವೀರಭದ್ರಪ್ಪಂದೇ ಇರಬೇಕು. ಅಂವಾ ಬೇಕಂತ ಮಾಡಿದ್ದಲ್ಲ. ಬಾಯಿ ಬಿಡಬ್ಯಾಡ, ಪಾಟೀಲ್ರ ಬೀಳ ಬಿಟ್ಟರ ಕುರಿ ಎಲ್ಲಿ ಹೊಡೀತಿ' ಅಂದ. ಮರುದಿನಾ ಅವನ ಕೈಲೇ ಪತ್ರ ಬರಸ್ದೆ. ತಿಳದಂಗ ಬರಿ ಅಂದೆ. ಅಂವಾ ಹುಳ ಅಂತ ಬರದ. ಓದಿ ಹೇಳಿದಾಗ ಸುಮ್ಮ ಕೇಳಿದೆ. ಅವತ್ತ ಆ ಒಂದು ಅಕ್ಷರ ಖರೇ ಬರದಿದ್ದರ ನಾ ಇಷ್ಟು ಕಲ್ಲ ಆಗ್ತಿದ್ದಿಲ್ಲ."

ಬಂಡಮ್ಮನಿಗೆ ಇದು ತಿಳಿದಿರಲಿಲ್ಲ. ಒಳಗೆ ಹೋಗಿ ಧೂಳಪ್ಪನ ಕಂಬಳಿ ಹೊದ್ದು ಹೊರಗೆ ಬಂದಳು. "ನಡಿ, ನಿಲಂಗಾಕ್ಕ" ಎಂದು ವೀರಭದ್ರನಿಗೆ ಅಂದಳು. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಹಾಗೇ ನಡೆದುಹೋದರು. ನಾನೂ ಜೊತೆಗೆ ಹೋದೆ.

ಅಮೀನರು ವೀರಭದ್ರನ ಮಾತು ಕೇಳಿ ನಕ್ಕುಬಿಟ್ಟರು. "ನಿಮ್ಮ ತಂದೆಯವರದೇ ಪಂಚನಾಮೆ ಅದ, ಹುಳ ಕಡದು ಸತ್ತಾನಂತ. ಕಾಗದ ಮುಗದದ. ಗುಂಡು ಹತ್ತ್ಯದ ಅನ್ಲಿಕ್ಕೆ ಏನು ಸಬೂತು?" ಎಂದರು. ವೀರಭದ್ರ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಅಮೀನರು ಅದನ್ನು ಕೈಯಲ್ಲಿ ತೂಗಿ, "ಇದರಲಿಂದ ಮನಷ್ಯಾ ಸಾಯಂಗಿಲ್ಲ, ಮನಿಗಿ ಹೋಗ್ರಿ" ಎಂದರು.

ಆಗ ಬಂಡಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಸಬೂತು ನನ್ನ ಗಂಡನ ಹೊಟ್ಟಿಯಾಗ ಅದ. ತೆಗದು ನೋಡ್ರಿ."

ಅಲ್ಲಿಂದ ಅವಳು ಕದಲಲಿಲ್ಲ. ಮೂರು ದಿನ ಕಚೇರಿಯ ಮುಂದೆ ಕುಳಿತಳು. ನಾಲ್ಕನೆಯ ದಿನ ಸುದ್ದಿ ತಹಸೀಲದಾರರ ಕಿವಿಗೆ ಬಿದ್ದು ಹೆಣ ತೆಗೆದು ನೋಡಲು ಹುಕುಂ ಆಯಿತು, ವೀರಭದ್ರನನ್ನು ಹವಾಲಾತಿನಲ್ಲಿ ಕೂಡಿಹಾಕಿದರು. ಮಣ್ಣು ಮಾಡಿದ ಜಾಗವನ್ನು ತೆಗೆಸುವುದಕ್ಕೆ ತಾಯಿಯ ಒಪ್ಪಿಗೆ ಬೇಕೆಂದರು. ನಿನ್ನ ತಾಯಿ ಎರಡು ದಿನ ಊಟ ಬಿಟ್ಟಳು. ಬೀರಪ್ಪನ ಗುಡಿಗೆ ಹೋಗಿ ಬಂದಳು. ನಿನ್ನೆ ಹೆಬ್ಬೆಟ್ಟು ಒತ್ತಿದಳು.

ಈ ತಿಂಗಳ ಒಂಬತ್ತನೆಯ ತಾರೀಖು ಬೆಳಿಗ್ಗೆ ತೆಗೆಯುತ್ತಾರೆ. ಸಿಕ್ಕಿದ ಗುಂಡು ಆ ಪಿಸ್ತೂಲಿನದೇ ಎಂದು ಹೇಳಲು ಕಸುಬು ಬಲ್ಲವನು ಬೇಕಂತೆ. ಸುತ್ತಲ ಮೂರು ತಾಲೂಕಿನಲ್ಲಿ ಉಸ್ತಾದರು, ನೀನು, ಇಬ್ಬರೇ. ಉಸ್ತಾದರು ಹಾಸಿಗೆ ಹಿಡಿದಿದ್ದಾರೆಂದು ನೀನೇ ಬರೆದಿದ್ದೆ.

ನಿನ್ನ ತಾಯಿ ಕೊನೆಗೆ ಇಷ್ಟು ಹೇಳುತ್ತಾಳೆ: "ಬಾ ಅಂತ ನಾ ಅನ್ನಂಗಿಲ್ಲ. ಬರಬ್ಯಾಡ ಅಂತನೂ ಅನ್ನಂಗಿಲ್ಲ."

ರಾಚಯ್ಯ

*

ಕಲ್ಲೂರವಾಡಿ
೧೮ ಆಗಸ್ಟ್ ೧೯೨೯

ವೀರಭದ್ರಪ್ಪನಿಗೆ, ಬೀದರ ಜೇಲು.

ಅದಾಲತ್ತಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಮಾತಿಗೆ ಅವಕಾಶವಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಏಪ್ರಿಲ್ ಒಂಬತ್ತರ ದಿನ ನೀನು ಹವಾಲಾತಿನಲ್ಲಿದ್ದೆ. ನಾನು ಆ ಕುಣಿಯ ಹತ್ತಿರ ಹೋಗಲಿಲ್ಲ, ದೂರದ ಬೇವಿನ ಬುಡದಲ್ಲಿ ಕುಳಿತಿದ್ದೆ. ಅವ್ವ, ಬಂಡಮ್ಮ ಇಬ್ಬರೂ ಹತ್ತಿರವೇ ನಿಂತಿದ್ದರು. ಡಾಕ್ಟರು ಒಂದು ಪಿಂಗಾಣಿ ಬಟ್ಟಲಿನಲ್ಲಿ ಅದನ್ನು ತಂದು ನನ್ನ ಮುಂದಿಟ್ಟರು. ಸೀಸ ಒಂದು ಬದಿಗೆ ಚಪ್ಪಟೆಯಾಗಿತ್ತು. ತೊಳೆದು, ಅಳೆದು, ನಳಿಗೆಯ ಗೀರುಗಳನ್ನು ಭೂತಕನ್ನಡಿಯಲ್ಲಿ ನೋಡಿ, "ಇದೇ" ಎಂದೆ. ಸಹಿ ಹಾಕಿದೆ. ನನ್ನ ಕಸುಬಿನಲ್ಲಿ ನಾನು ತಪ್ಪು ಮಾಡಲಿಲ್ಲ.

ಅದಾಲತ್ತಿನಲ್ಲಿ ಸಾಕ್ಷಿ ಹೇಳುವಾಗ ನನ್ನ ಹನ್ನೊಂದು ದಿನದ ಮಾತನ್ನೂ ಹೇಳಿದೆ. ಪಿಸ್ತೂಲಿನ ಅವಗುಣ ಬರೆಯುವಾಗ ಮುಖ್ಯವಾದದ್ದನ್ನೇ ಬಿಟ್ಟೆ ಎಂದೂ ಹೇಳಿದೆ. ಮುನ್ಸಿಫ್ ಸಾಹೇಬರು ಕೈ ಎತ್ತಿ, "ಕೇಳಿದ್ದಕ್ಕೆ ಮಾತ್ರ ಜವಾಬು ಕೊಡು" ಎಂದರು. ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ. ನಿನಗೆ ಎರಡು ವರ್ಷ ಆಯಿತು. ನಿನ್ನ ಅಪ್ಪ ಕಲ್ಯಾಣಪ್ಪನವರ ಪಾಟೀಲಕಿ ಹೋಯಿತು. ನನಗೆ ದಾರಿಖರ್ಚು ಕೊಟ್ಟು ಕಳಿಸಿದರು.

ನಾನು ಅಂಗಡಿ ಬಿಟ್ಟೆ. ಉಸ್ತಾದರು ಬಹಳ ಹೇಳಿದರು. ಕುರಿ ಕಾಯುವವರು ಬೇಕಲ್ಲ. ಬಂಡಮ್ಮ ಮರಿಗಳನ್ನು ನೋಡಿಕೊಳ್ಳುತ್ತಾಳೆ, ಹಿಂಡು ನನ್ನದು. ನಿಮ್ಮ ಬೀಳಿಗೆ ಹೋಗುವುದಿಲ್ಲ. ನಿನ್ನ ತಮ್ಮ ಬಂದು, "ಮೊದಲಿನಂಗ ಮೇಯಸ್ರಿ" ಎಂದು ಹೇಳಿಹೋದ. ಬಂಡಮ್ಮ ಒಪ್ಪಲಿಲ್ಲ. ಮಳೆ ನಿಂತರೆ ಸಾಸ್ತೂರ, ಲೋಹಾರಾ ಕಡೆ ಹೊರಡುತ್ತೇವೆ.

ನಿನಗೆ ಬರೆಯುತ್ತಿದ್ದೇನೆಂದು ಅವ್ವನಿಗೆ ಹೇಳಿದೆ. ಬಂದು ನನ್ನ ಎದುರಿಗೆ ಕುಳಿತಳು. ಏನಾದರೂ ಹೇಳುತ್ತಾಳೆಂದು ಕೈ ತಡೆದು ಕಾದೆ. "ಏನ್ ಬರೀಲಿ ಅವ್ವಾ?" ಎಂದು ಕೇಳಿದೆ. ಕಾಗದದ ಕಡೆಗೇ ನೋಡುತ್ತಾ ಕುಳಿತಿದ್ದಳು. ಹೊರಗೆ ಕುರಿ ಕೂಗಿದವು. ಎದ್ದು ಹೋದಳು.

ಅದಕ್ಕೇ ಅವಳ ಹೆಸರಿನಲ್ಲಿ ಇದರಲ್ಲಿ ಏನೂ ಇಲ್ಲ.

ಅಂಬಣ್ಣ